ಮಿಡ್‌ಫೀಲ್ಡರ್‌ಗೆ ಪಂದ್ಯ ಕೊಡಿ: ಫುಟ್‌ಬಾಲ್ ಫೆಡರೇಷನ್‌ಗೆ ಒಂದು ಬಹಿರಂಗ ಪತ್ರ

ಇವರಿಗೆ,
ಅಧ್ಯಕ್ಷರು ಮತ್ತು ಕಾರ್ಯಕಾರಿ ಸಮಿತಿಯ ಸದಸ್ಯರು,
ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್,
ಫುಟ್‌ಬಾಲ್ ಹೌಸ್, ದ್ವಾರಕಾ, ನವದೆಹಲಿ

ಮಾನ್ಯರೇ,

1995ರ ಜೂನ್‌ನಲ್ಲಿ ಸ್ವೀಡನ್‌ನಲ್ಲಿ ಮಹಿಳೆಯರ ವಿಶ್ವಕಪ್ ನಡೆಯಿತು. ಬ್ರೆಜಿಲ್ ತಂಡದಲ್ಲಿ 17 ವರ್ಷದ ಒಬ್ಬ ಹುಡುಗಿ ಇದ್ದಳು. ಹೆಸರು ಮಿರೈಲ್ಡಿಸ್ ಮಾಸಿಯೆಲ್ ಮೋಟಾ. ಊರು ಬಹಿಯಾ ರಾಜ್ಯದ ಸಾಲ್ವಡೋರ್. ಜಗತ್ತೆಲ್ಲ ಅವರನ್ನು ಕರೆಯೋದು ಫೋರ್ಮಿಗಾ ಅಂತ. ಅದೇ ವರ್ಷ ಮಲೇಷ್ಯಾದ ಕೋಟಾ ಕಿನಬಾಲುವಿನಲ್ಲಿ ಏಷ್ಯನ್ ಚಾಂಪಿಯನ್‌ಷಿಪ್ ಇತ್ತು. ಅಲ್ಲಿ ಗುವಾಮ್ ವಿರುದ್ಧ ಭಾರತದ ಪರವಾಗಿ ಮೊದಲ ಸಲ ಆಡಿದ್ದು ಇಂಫಾಲದ 15 ವರ್ಷದ ಹುಡುಗಿ, ಓಯಿನಾಮ್ ಬೆಂಬೆಮ್ ದೇವಿ.

ಇಬ್ಬರೂ ಮಿಡ್‌ಫೀಲ್ಡರ್‌ಗಳು, ಅಂದರೆ ಮೈದಾನದ ನಡುಭಾಗದಲ್ಲಿ ಆಡುವವರು. ವಯಸ್ಸಿನಲ್ಲಿ ಎರಡು ವರ್ಷದ ವ್ಯತ್ಯಾಸ ಅಷ್ಟೇ. ಇಬ್ಬರೂ ಅವರವರ ದೇಶದ ಪರವಾಗಿ ಎರಡು ದಶಕಕ್ಕಿಂತ ಹೆಚ್ಚು ಆಡಿದರು. ಆದರೆ ಇಬ್ಬರ ವೃತ್ತಿಬದುಕನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಹೊಟ್ಟೆ ಉರಿಯುತ್ತದೆ. ಆ ಹೊಟ್ಟೆಯುರಿಯೇ ಈ ಪತ್ರಕ್ಕೆ ಕಾರಣ. ಕೇಳೋದು ಒಂದೇ ವಿಷಯ, ಅದನ್ನು ಮೊದಲೇ ಹೇಳಿಬಿಡುತ್ತೇನೆ: ನಮ್ಮ ಹೆಣ್ಣುಮಕ್ಕಳಿಗೆ ಪಂದ್ಯ ಕೊಡಿ. ಸನ್ಮಾನ, ಶಾಲು, ಹಾರ ಎಲ್ಲ ಆಮೇಲೆ ನೋಡೋಣ. ವರ್ಷಕ್ಕೆ ಸಾಕಷ್ಟು ಪಂದ್ಯ, ಮುಂಚೆಯೇ ಗೊತ್ತಿರುವ ತಾರೀಖಿಗೆ.

ಮೊದಲು ಫೋರ್ಮಿಗಾ ವಿಷಯ. ಅವರು ಆಡಿದ್ದು ಏಳು ವಿಶ್ವಕಪ್. 1995ರಿಂದ 2019ರವರೆಗೆ ಒಂದನ್ನೂ ಬಿಟ್ಟಿಲ್ಲ. ಗಂಡಸರಲ್ಲಾಗಲಿ ಹೆಂಗಸರಲ್ಲಾಗಲಿ ಅಲ್ಲಿಯವರೆಗೆ ಯಾರೂ ಏಳು ಆಡಿರಲಿಲ್ಲ. ಮಹಿಳೆಯರ ಫುಟ್‌ಬಾಲ್ ಒಲಿಂಪಿಕ್ಸ್‌ಗೆ ಬಂದಿದ್ದು 1996ರ ಅಟ್ಲಾಂಟಾದಲ್ಲಿ. ಅಲ್ಲಿಂದ ಟೋಕಿಯೊವರೆಗೆ ಏಳು ಒಲಿಂಪಿಕ್ಸ್, ಏಳರಲ್ಲೂ ಫೋರ್ಮಿಗಾ. 2004 ಮತ್ತು 2008ರಲ್ಲಿ ಬೆಳ್ಳಿ. 2007ರ ವಿಶ್ವಕಪ್‌ನಲ್ಲಿ ಫೈನಲ್. 2015ರಲ್ಲಿ ದಕ್ಷಿಣ ಕೊರಿಯಾ ವಿರುದ್ಧ ಗೋಲು ಹೊಡೆದಾಗ ವಯಸ್ಸು 37. ವಿಶ್ವಕಪ್‌ನಲ್ಲಿ ಅಷ್ಟು ವಯಸ್ಸಿನ ಮಹಿಳೆ ಅದುವರೆಗೆ ಗೋಲು ಹೊಡೆದಿರಲಿಲ್ಲ. 2016ರಲ್ಲಿ ಸಾಕು ಅಂತ ದೇಶದ ತಂಡದಿಂದ ನಿವೃತ್ತಿ ಹೇಳಿದ್ದರು. 2018ರಲ್ಲಿ ಮತ್ತೆ ಕರೆದರು, ಬಂದರು. 41ರ ವಯಸ್ಸಿನಲ್ಲಿ ಫ್ರಾನ್ಸ್ ವಿಶ್ವಕಪ್ ಆಡಿದರು. ಜೊತೆಗೆ ಆಡುತ್ತಿದ್ದ ಕೆಲವರು ಫೋರ್ಮಿಗಾ ಮೊದಲ ವಿಶ್ವಕಪ್ ಆಡಿದಾಗ ಹುಟ್ಟಿಯೇ ಇರಲಿಲ್ಲ.

ಇದನ್ನು ಓದಿ "ಬ್ರೆಜಿಲ್ ಅಲ್ವಾ, ಅಲ್ಲಿ ಫುಟ್‌ಬಾಲ್ ರಕ್ತದಲ್ಲೇ ಇದೆ" ಅಂತ ಯಾರಾದರೂ ಹೇಳಬಹುದು. ದಯವಿಟ್ಟು ಹೇಳಬೇಡಿ. 1941ರಲ್ಲಿ ಗೆಟುಲಿಯೊ ವರ್ಗಾಸ್ ಸರ್ಕಾರ ಒಂದು ಕಾನೂನು ತಂದು ಹೆಂಗಸರು ಫುಟ್‌ಬಾಲ್ ಆಡುವುದನ್ನೇ ನಿಷೇಧಿಸಿತ್ತು. ಹೆಣ್ಣಿನ ಸ್ವಭಾವಕ್ಕೆ ಒಗ್ಗದ ಆಟ ಅನ್ನೋದು ಅವರ ವಾದ. ಆ ನಿಷೇಧ ಹೋಗಿದ್ದು 1979ರಲ್ಲಿ. ಫೋರ್ಮಿಗಾ ಹುಟ್ಟಿದ್ದು 1978ರ ಮಾರ್ಚ್‌ನಲ್ಲಿ. ಅಂದರೆ ಅವರು ಹುಟ್ಟಿದಾಗ ಅವರ ಆಟವೇ ಕಾನೂನಿಗೆ ವಿರುದ್ಧವಾಗಿತ್ತು. ಬೀದಿಯಲ್ಲಿ ಹುಡುಗರ ಜೊತೆ ಆಡಿದ್ದಕ್ಕೆ ಅಣ್ಣಂದಿರಿಂದ ಏಟು ತಿಂದದ್ದನ್ನು ಅವರೇ ಹೇಳಿಕೊಂಡಿದ್ದಾರೆ. ರಾಷ್ಟ್ರೀಯ ತಂಡಕ್ಕೆ ಬಂದ ಮೇಲೂ ಸುಖ ಏನಿರಲಿಲ್ಲ. ಆ ಕಾಲದಲ್ಲಿ ಹೆಣ್ಣುಮಕ್ಕಳ ತಂಡಕ್ಕೆ ಸಿಗುತ್ತಿದ್ದದ್ದು ಗಂಡಸರ ತಂಡದಲ್ಲಿ ಉಳಿದ ಜೆರ್ಸಿಗಳು. ತೋಳು ಮೊಣಕೈ ದಾಟಿ ಇಳಿಬೀಳುತ್ತಿದ್ದ ಆ ಹಳದಿ ಜೆರ್ಸಿಗಳನ್ನು ಹಳೆಯ ಫೋಟೊಗಳಲ್ಲಿ ನೀವೇ ನೋಡಬಹುದು.

ಅಷ್ಟಾಗಿಯೂ ಅವರು 26 ವರ್ಷ ಆಡಿದ್ದು ಹೇಗೆ? ಬ್ರೆಜಿಲ್‌ನಲ್ಲಿ ಮಹಿಳೆಯರ ರಾಷ್ಟ್ರೀಯ ಲೀಗ್ ಈಗಿನ ರೂಪದಲ್ಲಿ ಶುರುವಾಗಿದ್ದೇ 2013ರಲ್ಲಿ. ಆಗ ಫೋರ್ಮಿಗಾಗೆ 35. ಮನೆಯಲ್ಲಿ ಲೀಗ್ ಇಲ್ಲದಿದ್ದಾಗ ಬೇರೆ ದೇಶಗಳ ಲೀಗ್‌ಗಳು ಅವರನ್ನು ಸಾಕಿದವು. ಸ್ವೀಡನ್‌ನ ಮಾಲ್ಮೊ, ಅಮೆರಿಕದ ಕ್ಲಬ್‌ಗಳು, ಕೊನೆಗೆ 38ರ ವಯಸ್ಸಿನಲ್ಲಿ ಪ್ಯಾರಿಸ್ ಸೇಂಟ್ ಜರ್ಮನ್ (ಪಿಎಸ್‌ಜಿ). ಅಲ್ಲಿ ನಾಲ್ಕು ವರ್ಷಕ್ಕಿಂತ ಜಾಸ್ತಿ ಇದ್ದರು. 2021ರಲ್ಲಿ ಲಿಯಾನ್ ತಂಡದ ಸತತ 14 ಪ್ರಶಸ್ತಿಗಳ ಓಟವನ್ನು ಮುರಿದು ಪಿಎಸ್‌ಜಿ ಫ್ರೆಂಚ್ ಲೀಗ್ ಗೆದ್ದಾಗ ಆ ತಂಡದಲ್ಲಿ 43ರ ಫೋರ್ಮಿಗಾ ಇದ್ದರು. ಯಾವ ಕ್ಲಬ್ಬೂ ದಯೆಯಿಂದ ಅವರನ್ನು ಇಟ್ಟುಕೊಳ್ಳಲಿಲ್ಲ. ವಾರ ವಾರ ಪಂದ್ಯ ಆಡಿದ್ದರಿಂದ ಕಾಲು ಮತ್ತು ತಲೆ ಎರಡೂ ಚುರುಕಾಗಿಯೇ ಉಳಿದಿದ್ದವು.

ಈಗ ನಮ್ಮ ಮನೆಗೆ ಬರೋಣ.

ಬೆಂಬೆಮ್ ದೇವಿ ಚಿಕ್ಕವರಿದ್ದಾಗ ಇಂಫಾಲದಲ್ಲಿ ಹುಡುಗರ ಜೊತೆ ಆಡಲು ಹುಡುಗನ ಹೆಸರು ಹೇಳಿಕೊಂಡು ಸೇರಿಕೊಳ್ಳುತ್ತಿದ್ದರು. ಸಾಲ್ವಡೋರ್‌ನ ಕತೆಗಿಂತ ಬಹಳ ಬೇರೆಯೇನಲ್ಲ, ಅಲ್ವಾ? 2003ರಿಂದ ಭಾರತದ ನಾಯಕಿ. 2010, 2012, 2014ರಲ್ಲಿ ದಕ್ಷಿಣ ಏಷ್ಯಾ ದೇಶಗಳ ಸ್ಯಾಫ್ ಚಾಂಪಿಯನ್‌ಷಿಪ್ ಗೆದ್ದ ತಂಡಗಳಲ್ಲಿ ಅವರಿದ್ದರು. ವರ್ಷದ ಆಟಗಾರ್ತಿ ಪ್ರಶಸ್ತಿಯನ್ನು ನೀವೇ ಅವರಿಗೆ ಎರಡು ಸಲ ಕೊಟ್ಟಿದ್ದೀರಿ, 2001ರಲ್ಲಿ ಮತ್ತು 2013ರಲ್ಲಿ. ನಡುವೆ 12 ವರ್ಷ! ಒಬ್ಬ ಮಿಡ್‌ಫೀಲ್ಡರ್ ಅಷ್ಟು ದೀರ್ಘಕಾಲ ದೇಶದಲ್ಲೇ ಮುಂಚೂಣಿಯಲ್ಲಿ ಇರೋದು ಸುಮ್ನೆ ಮಾತಲ್ಲ. 2017ರಲ್ಲಿ ಅರ್ಜುನ, 2020ರಲ್ಲಿ ಪದ್ಮಶ್ರೀ. ಪದ್ಮಶ್ರೀ ಪಡೆದ ಮೊದಲ ಭಾರತೀಯ ಫುಟ್‌ಬಾಲ್ ಆಟಗಾರ್ತಿ ಅವರು.

ಪ್ರಶಸ್ತಿಗಳ ಪಟ್ಟಿ ಚೆನ್ನಾಗಿದೆ. ಪಂದ್ಯಗಳ ಪಟ್ಟಿ ನೋಡಿ. ಬೆಂಬೆಮ್ ಭಾರತದ ಪರ ಆಡುತ್ತಿದ್ದ ಕಾಲದಲ್ಲಿ ಮಹಿಳೆಯರ ರಾಷ್ಟ್ರೀಯ ಲೀಗೇ ಇರಲಿಲ್ಲ. ಮಣಿಪುರ ತಂಡದ ಪರ ರಾಷ್ಟ್ರೀಯ ಚಾಂಪಿಯನ್‌ಷಿಪ್, ಪೊಲೀಸ್ ಕ್ರೀಡಾಕೂಟ, ಇಂಫಾಲದ ಸ್ಥಳೀಯ ಟೂರ್ನಿ. ಅಷ್ಟೇ. ಸಂಬಳ ಬರುತ್ತಿದ್ದದ್ದು ಮಣಿಪುರ ಪೊಲೀಸ್ ಕೆಲಸದಿಂದ. ರಾಷ್ಟ್ರೀಯ ತಂಡಕ್ಕೂ ಪಂದ್ಯಗಳಿರಲಿಲ್ಲ. 2009ರಲ್ಲಿ ಏನಾಯಿತು ಗೊತ್ತಲ್ಲ? ಒಂದೂವರೆ ವರ್ಷಕ್ಕಿಂತ ಜಾಸ್ತಿ ಒಂದೂ ಅಂತರರಾಷ್ಟ್ರೀಯ ಪಂದ್ಯ ಆಡಲಿಲ್ಲ ಅಂತ ಫಿಫಾ ರ‍್ಯಾಂಕಿಂಗ್ ಪಟ್ಟಿಯಿಂದಲೇ ಭಾರತದ ಹೆಸರು ಬಿಟ್ಟುಹೋಯಿತು. ಸೋತು ಕೆಳಗಿಳಿದದ್ದಲ್ಲ. ಆಡಲೇ ಇಲ್ಲ. ಆಗ ಬೆಂಬೆಮ್‌ಗೆ 29. ಒಬ್ಬ ಮಿಡ್‌ಫೀಲ್ಡರ್‌ಗೆ ದೇಹದಲ್ಲಿ ಶಕ್ತಿಯೂ ಇದ್ದು ಆಟದ ಅರಿವೂ ಕೂಡಿಬರುವ ವಯಸ್ಸು ಅದು. ಅದೇ ಹೊತ್ತಿಗೆ ಫೋರ್ಮಿಗಾ ಎರಡನೇ ಒಲಿಂಪಿಕ್ ಬೆಳ್ಳಿ ಪದಕ ಮನೆಗೆ ತಂದಿದ್ದರು.

ಬೆಂಬೆಮ್‌ಗೆ ವಿದೇಶಿ ಕ್ಲಬ್‌ನಲ್ಲಿ ಆಡುವ ಅವಕಾಶ ಸಿಕ್ಕಿದ್ದು 2014ರಲ್ಲಿ, 34ರ ವಯಸ್ಸಿನಲ್ಲಿ. ಮಾಲ್ಡೀವ್ಸ್‌ನ ನ್ಯೂ ರೇಡಿಯಂಟ್ ಕ್ಲಬ್. ಮಾಲ್ಡೀವ್ಸ್! ನಮ್ಮ ಒಂದು ಜಿಲ್ಲೆಯಷ್ಟೂ ಜನ ಇಲ್ಲದ ದೇಶಕ್ಕೆ ಹೋಗಿ ನಮ್ಮ ದೇಶದ ನಾಯಕಿ ಲೀಗ್ ಆಡಬೇಕಾಯಿತು. 2016ರ ಫೆಬ್ರುವರಿಯಲ್ಲಿ ಶಿಲ್ಲಾಂಗ್‌ನಲ್ಲಿ ನೇಪಾಳವನ್ನು 4-0 ಗೋಲುಗಳಿಂದ ಸೋಲಿಸಿ ದಕ್ಷಿಣ ಏಷ್ಯಾ ಕ್ರೀಡಾಕೂಟದ ಚಿನ್ನ ಗೆದ್ದು ಅವರು ಅಂತರರಾಷ್ಟ್ರೀಯ ಫುಟ್‌ಬಾಲ್‌ಗೆ ವಿದಾಯ ಹೇಳಿದರು. ನೀವು ಇಂಡಿಯನ್ ವಿಮೆನ್ಸ್ ಲೀಗ್ ಶುರು ಮಾಡಿದ್ದು ಅದೇ ವರ್ಷದ ಕೊನೆಗೆ. ಊಟ ಬಡಿಸುವ ಹೊತ್ತಿಗೆ ಪಂಕ್ತಿಯಿಂದ ಹಿರಿಯರು ಎದ್ದಿದ್ದರು.

ಇಷ್ಟೆಲ್ಲ ಹೇಳುವಾಗ ಮಿಡ್‌ಫೀಲ್ಡರ್ ಅಂತ ಯಾಕೆ ಒತ್ತಿ ಹೇಳುತ್ತಿದ್ದೇನೆ ಅನ್ನೋದನ್ನೂ ಹೇಳಬೇಕು. ವೇಗ ಇರುವ ಸ್ಟ್ರೈಕರ್ ಹದಿನೆಂಟಕ್ಕೇ ಮಿಂಚಬಹುದು. ಒಳ್ಳೆಯ ಗೋಲ್‌ಕೀಪರ್ ಒಬ್ಬ ಕೋಚ್ ಜೊತೆ ಗಂಟೆಗಟ್ಟಲೆ ಅಭ್ಯಾಸ ಮಾಡಿ ಸುಧಾರಿಸಬಹುದು. ಮಿಡ್‌ಫೀಲ್ಡರ್‌ನ ಆಟ ಮಾತ್ರ ಪಂದ್ಯದಲ್ಲೇ ಕಲಿಯಬೇಕಾದದ್ದು. ಅವಳ ನಾಲ್ಕೂ ಕಡೆ ಎದುರಾಳಿಗಳಿರುತ್ತಾರೆ. ಟಿವಿಯಲ್ಲಿ ಚೆಂಡನ್ನು ಬಿಟ್ಟು ಐದು ನಿಮಿಷ ಅವಳನ್ನೇ ನೋಡಿ. ಪಾಸ್ ಬರುವ ಮೊದಲೇ ಒಂದು ಸಲ ಎಡಭುಜದ ಮೇಲಿಂದ ಹಿಂದೆ ನೋಡುತ್ತಾಳೆ, ಒಂದು ಸಲ ಬಲಕ್ಕೆ. ಚೆಂಡು ಕಾಲಿಗೆ ಬರುವಷ್ಟರಲ್ಲಿ ಯಾರು ಖಾಲಿ ಇದ್ದಾರೆ, ಯಾರು ಮೈಮೇಲೆ ಬರುತ್ತಿದ್ದಾರೆ ಎಲ್ಲ ಅವಳಿಗೆ ಗೊತ್ತು. ಮೆಜೆಸ್ಟಿಕ್ ಬಸ್ಸಿನ ಹಳೆಯ ಕಂಡಕ್ಟರ್‌ಗೆ ಆ ನೂಕುನುಗ್ಗಲಿನಲ್ಲಿ ಟಿಕೆಟ್ ತಗೊಳ್ಳದವರು ಯಾರು ಅಂತ ಗೊತ್ತಿರುತ್ತದಲ್ಲ, ಹಾಗೆ. ಅದನ್ನು ಯಾವ ಶಿಬಿರದಲ್ಲೂ ಹೇಳಿಕೊಡೋಕೆ ಆಗಲ್ಲ. ನೂರು ಪಂದ್ಯ ಆಡಿದವಳಿಗೆ ಬರುತ್ತದೆ, ಇನ್ನೂರು ಆಡಿದವಳಿಗೆ ಇನ್ನೂ ಚೆನ್ನಾಗಿ ಬರುತ್ತದೆ. ಕಾಲು ನಿಧಾನವಾದ ಮೇಲೂ ಉಳಿಯುವ ವಿದ್ಯೆ ಅದು. ಫೋರ್ಮಿಗಾ 41ರಲ್ಲಿ ವಿಶ್ವಕಪ್ ಆಡಿದ್ದು ಅದರ ಬಲದಿಂದಲೇ. 20ರ ಹುಡುಗಿಯನ್ನು ಓಡಿ ಸೋಲಿಸುವ ವಯಸ್ಸು ಅದಲ್ಲ. ಆ ಹುಡುಗಿ ಎಲ್ಲಿಗೆ ಬರುತ್ತಾಳೋ ಅಲ್ಲಿ ಮೊದಲೇ ಹೋಗಿ ನಿಂತಿರುತ್ತಿದ್ದರು.

ನಮ್ಮ ಲೀಗ್ ಶುರುವಾದ ಮೇಲೂ ಈ ವಿದ್ಯೆಗೆ ಜಾಗ ಇತ್ತಾ? 2020ರ ಜನವರಿ ಕೊನೆಯಲ್ಲಿ ನಿಮ್ಮ ಲೀಗ್ ನಮ್ಮೂರಿಗೇ ಬಂದಿತ್ತು. ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂ. 12 ತಂಡ, ಎರಡು ಗುಂಪು. ಅದರಲ್ಲಿ ಕಿಕ್‌ಸ್ಟಾರ್ಟ್ ಸೇರಿ ಎರಡು ನಮ್ಮ ಬೆಂಗಳೂರಿನವೇ. ನಾನೂ ಕೆಲವು ಪಂದ್ಯ ನೋಡಿದೆ. ಅಲ್ಲಿರೋದು ಕೃತಕ ಹುಲ್ಲು. ಬಿಸಿಲಿಗೆ ಕೆಳಗಿನಿಂದ ಕಾವು ಏಳುತ್ತದೆ. ಜಾರಿ ಬಿದ್ದು ಎದ್ದ ಹುಡುಗಿಯರು ಮೊಣಕಾಲು ಒರೆಸಿಕೊಂಡು ಸಾಕ್ಸ್‌ನಿಂದ ಕಪ್ಪು ರಬ್ಬರ್ ಕಾಳು ಉದುರಿಸಿಕೊಂಡು ಓಡುತ್ತಿದ್ದರು. ಗ್ಯಾಲರಿಯಲ್ಲಿ ಜನ ಕಡಿಮೆ, ಆದ್ದರಿಂದ ಮೈದಾನದ ಮಾತೆಲ್ಲ ಕೇಳಿಸುತ್ತಿತ್ತು. ಮಣಿಪುರಿ, ತಮಿಳು, ಬಂಗಾಳಿ, ಒಡಿಯಾ. ಒಂದು ತಂಡದ ಮಿಡ್‌ಫೀಲ್ಡರ್ ಪಂದ್ಯ ಪೂರ್ತಿ ಕೂಗುತ್ತಲೇ ಇದ್ದಳು, ಗಂಟಲು ಕಟ್ಟಿದರೂ ಬಿಡಲಿಲ್ಲ. ಆಟ ನಿಜಕ್ಕೂ ಚೆನ್ನಾಗಿತ್ತು. ಫೆಬ್ರುವರಿ 14ರ ಫೈನಲ್‌ನಲ್ಲಿ ಗೋಕುಲಂ ಕೇರಳ ತಂಡ ಮಣಿಪುರದ ಕ್ರಿಫ್ಸಾವನ್ನು 3-2ರಿಂದ ಸೋಲಿಸಿತು. ಕೊನೆಕೊನೆಯ ನಿಮಿಷಗಳಲ್ಲಿ ಗೆಲುವಿನ ಗೋಲು ಹೊಡೆದದ್ದು ನೇಪಾಳದ ಸಬಿತ್ರಾ ಭಂಡಾರಿ.

ಖುಷಿಯ ವಿಷಯವೇ. ಆದರೆ ಲೆಕ್ಕ ಹಾಕಿ. ಜನವರಿ 24ರಿಂದ ಫೆಬ್ರುವರಿ 14. ಮೂರು ವಾರ. ಫೈನಲ್ ಮುಟ್ಟಿದ ತಂಡಕ್ಕೆ ಏಳು ಪಂದ್ಯ, ಗುಂಪಿನಲ್ಲೇ ಹೊರಬಿದ್ದವರಿಗೆ ಐದು. ಅದು ದೇಶದ ಅತಿ ದೊಡ್ಡ ಮಹಿಳಾ ಲೀಗ್‌ನ ಇಡೀ ವರ್ಷದ ಆಟ! ನಮ್ಮ ಕಡೆ ಹಬ್ಬಕ್ಕೆ ನಡೆಸುವ ಕಬಡ್ಡಿ ಟೂರ್ನಿಗಿಂತ ಸ್ವಲ್ಪ ಉದ್ದ ಅಷ್ಟೇ. ಎರಡು ಮೂರು ದಿನಕ್ಕೊಂದು ಪಂದ್ಯ ಆಡಿಸಿ, ಉಳಿದ ತಿಂಗಳುಗಳೆಲ್ಲ ಮನೆಗೆ ಕಳಿಸಿದರೆ ಯಾವ ಮಿಡ್‌ಫೀಲ್ಡರ್ ತಾನೇ ಮಾಗುತ್ತಾಳೆ? ಒಂದು ತಪ್ಪು ಮಾಡಿ ಅದನ್ನು ಮುಂದಿನ ವಾರ ತಿದ್ದಿಕೊಳ್ಳಲು ಮುಂದಿನ ವಾರ ಅನ್ನೋದು ಇರಬೇಕಲ್ಲ.

ನೀವು ಏನೂ ಮಾಡಿಲ್ಲ ಅಂತ ಹೇಳುವಷ್ಟು ನಾನು ಕುರುಡನಲ್ಲ. 2023-24ರಿಂದ ಲೀಗ್ ತವರು ಮತ್ತು ಹೊರಗಿನ ಮೈದಾನ ಅನ್ನುವ ಮಾದರಿಗೆ ಬಂತು. ಆ ವರ್ಷ ಏಳು ತಂಡ, ತಂಡಕ್ಕೆ 12 ಪಂದ್ಯ. ಮುಂದಿನ ವರ್ಷ ಎಂಟು ತಂಡ, 14 ಪಂದ್ಯ. ಕ್ಲಬ್ ಕನಿಷ್ಠ 10 ಭಾರತೀಯ ಆಟಗಾರ್ತಿಯರಿಗೆ ವರ್ಷಕ್ಕೆ 3.2 ಲಕ್ಷಕ್ಕೆ ಕಡಿಮೆಯಿಲ್ಲದ ಸಂಬಳ ಕೊಡಬೇಕು ಅಂತ 2023ರಲ್ಲಿ ನಿಮ್ಮ ಸಮಿತಿ ತೀರ್ಮಾನ ಮಾಡಿತು. ತಿಂಗಳಿಗೆ ಸುಮಾರು 26,600 ರೂಪಾಯಿ ಆಗುತ್ತದೆ. ಬೆಂಗಳೂರಿನಲ್ಲಿ ಬಾಡಿಗೆ ಕಟ್ಟಿ, ಆಟಗಾರ್ತಿ ತಿನ್ನಬೇಕಾದ್ದನ್ನು ತಿಂದು ಬದುಕಲು ಅದು ಸಾಲುವುದಿಲ್ಲ. ಆದರೂ ಸೊನ್ನೆಗಿಂತ ದೊಡ್ಡದು. ಒಳ್ಳೆಯ ಹೆಜ್ಜೆ ಅಂತ ಒಪ್ಪಿಕೊಳ್ಳುತ್ತೇನೆ.

ಈ ಅಷ್ಟಿಷ್ಟು ಮಾಡಿದ್ದಕ್ಕೇ ಏನು ಫಲ ಬಂತು ನೋಡಿ. 2025ರ ಜುಲೈ 5, ಥಾಯ್ಲೆಂಡ್‌ನ ಚಿಯಾಂಗ್ ಮಾಯ್. ಎದುರಿಗೆ 2015 ಮತ್ತು 2019ರ ವಿಶ್ವಕಪ್ ಆಡಿದ್ದ ಥಾಯ್ಲೆಂಡ್, ಅವರದ್ದೇ ನೆಲದಲ್ಲಿ. ಗೆದ್ದವರಿಗೆ 2026ರ ಏಷ್ಯನ್ ಕಪ್. ಭಾರತ 2-1ರಿಂದ ಗೆದ್ದಿತು. ಎರಡೂ ಗೋಲು ಹೊಡೆದದ್ದು ಸಂಗೀತಾ ಬಾಸ್ಫೋರ್. ಪಶ್ಚಿಮ ಬಂಗಾಳದ ಕಲ್ಯಾಣಿಯವರು. ಮಿಡ್‌ಫೀಲ್ಡರ್. ಅರ್ಹತಾ ಸುತ್ತಿನಲ್ಲಿ ಆಡಿ ಗೆದ್ದು ಭಾರತ ಏಷ್ಯನ್ ಕಪ್‌ಗೆ ಹೋದದ್ದು ಅದೇ ಮೊದಲ ಸಲ. ಸಂಗೀತಾ ಆ ವರ್ಷ ಈಸ್ಟ್ ಬೆಂಗಾಲ್ ಪರ ಲೀಗ್ ಗೆದ್ದು ಬಂದಿದ್ದರು. ಅಂದರೆ ಜನವರಿಯಿಂದ ಏಪ್ರಿಲ್‌ವರೆಗೆ ಅವರ ಕಾಲಿಗೆ ಪಂದ್ಯ ಸಿಕ್ಕಿತ್ತು. ಜುಲೈನಲ್ಲಿ ಅದು ಕಾಣಿಸಿತು. ಇದಕ್ಕಿಂತ ದೊಡ್ಡ ಸಾಕ್ಷಿ ನಿಮಗೆ ಇನ್ನೇನು ಬೇಕು?

ಸಂಗೀತಾ ಅವರ ಕೆಲಸ ಇರೋದು ಸಶಸ್ತ್ರ ಸೀಮಾ ಬಲದಲ್ಲಿ. ಬೆಂಬೆಮ್ ಕಾಲದಲ್ಲಿ ಮಣಿಪುರ ಪೊಲೀಸ್, ಈಗ ಎಸ್‌ಎಸ್‌ಬಿ. 30 ವರ್ಷ ಆದರೂ ನಮ್ಮ ಮಿಡ್‌ಫೀಲ್ಡರ್‌ಗಳ ಬದುಕಿಗೆ ಭದ್ರತೆ ಕೊಡುತ್ತಿರುವುದು ಖಾಕಿಯೇ. ಆ ಇಲಾಖೆಗಳಿಗೆ ಕೈಮುಗಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಫುಟ್‌ಬಾಲ್ ಆಡುವವರನ್ನು ಸಾಕಬೇಕಾದದ್ದು ಯಾರು?

ನಿಮ್ಮ ಮನೆಯ ಜಗಳಕ್ಕೆ ಹೆಣ್ಣುಮಕ್ಕಳು ದಂಡ ಕಟ್ಟಿದ್ದನ್ನೂ ಇಲ್ಲಿ ಹೇಳದೆ ಬಿಡೋಕೆ ಆಗಲ್ಲ. 2022ರ ಆಗಸ್ಟ್‌ನಲ್ಲಿ ಫೆಡರೇಷನ್ ಆಡಳಿತದ ಗೋಜಲಿಗಾಗಿ ಫಿಫಾ ಭಾರತವನ್ನು ಅಮಾನತು ಮಾಡಿತು. ಹೊರಗಿನವರ ಹಸ್ತಕ್ಷೇಪ ಅನ್ನೋದು ಕಾರಣ. ಆ ಹೊತ್ತಿಗೆ ಗೋಕುಲಂ ಕೇರಳದ ಹುಡುಗಿಯರು ಏಷ್ಯಾದ ಕ್ಲಬ್ ಚಾಂಪಿಯನ್‌ಷಿಪ್ ಆಡಲು ಉಜ್ಬೇಕಿಸ್ತಾನದ ತಾಷ್ಕೆಂಟ್ ತಲುಪಿಬಿಟ್ಟಿದ್ದರು. ವಿಮಾನ ಹತ್ತಿ ಇಳಿದಾಗಿತ್ತು, ಅಭ್ಯಾಸಕ್ಕೆ ರೆಡಿ ಇದ್ದರು. ಹೋಟೆಲ್‌ನಲ್ಲಿ ಕೂತು ಪ್ರಧಾನಿಗೆ ಪತ್ರ ಬರೆದರು. ಏನೂ ಪ್ರಯೋಜನ ಆಗಲಿಲ್ಲ, ಒಂದೂ ಪಂದ್ಯ ಆಡದೆ ವಾಪಸ್ ಬಂದರು. ಅಮಾನತು ಆಗಸ್ಟ್ 26ಕ್ಕೆ ತೆರವಾಯಿತು. ಗಂಡಸರ ಲೀಗ್‌ಗಳಿಗೆ ಅದರಿಂದ ಹೆಚ್ಚೇನೂ ತಟ್ಟಲಿಲ್ಲ. ಅದೇ ವರ್ಷ ಜನವರಿಯಲ್ಲಿ ನಮ್ಮದೇ ದೇಶದಲ್ಲಿ ನಡೆದ ಏಷ್ಯನ್ ಕಪ್‌ನಿಂದ ನಮ್ಮ ತಂಡ ಹೊರಬಿದ್ದಿತ್ತು. ಕೊರೊನಾ ಹರಡಿ, ಚೈನೀಸ್ ತೈಪೆ (ತೈವಾನ್) ವಿರುದ್ಧ ಇಳಿಸಲು ಬೇಕಾದ ಕನಿಷ್ಠ 13 ಆಟಗಾರ್ತಿಯರೂ ಉಳಿದಿರಲಿಲ್ಲ. ಅದು ರೋಗದ ಕೆಲಸ ಅಂತಿಟ್ಟುಕೊಳ್ಳೋಣ. ತಾಷ್ಕೆಂಟ್ ಯಾರ ಕೆಲಸ?

ಇನ್ನೊಂದು ಪಂದ್ಯದ ಬಗ್ಗೆ ಹೇಳಬೇಕು. 2021ರ ನವೆಂಬರ್ 25, ಬ್ರೆಜಿಲ್‌ನ ಮನೌಸ್. ಅಮೆಜಾನ್ ಕಾಡಿನ ನಡುವಿನ ಊರು. ಫೋರ್ಮಿಗಾ ಬ್ರೆಜಿಲ್ ಪರ ಆಡಿದ ಕಟ್ಟಕಡೆಯ ಪಂದ್ಯ ಅದು. ಎದುರಾಳಿ ಯಾರು ಗೊತ್ತಾ? ಭಾರತ. ಬ್ರೆಜಿಲ್ ಮೊದಲ ಗೋಲು ಹೊಡೆದ ಸ್ವಲ್ಪ ಹೊತ್ತಿಗೇ ನಮ್ಮ ಮನೀಷಾ ಕಲ್ಯಾಣ್ ಓಡಿಹೋಗಿ ಸಮ ಮಾಡಿಬಿಟ್ಟರು. 1-1. ಬ್ರೆಜಿಲ್ ನೆಲದಲ್ಲಿ ಬ್ರೆಜಿಲ್ ಗೋಲಿಗೆ ನಮ್ಮ ಪಂಜಾಬಿನ ಹುಡುಗಿ ಹೊಡೆದ ಗೋಲು! ಆಮೇಲೆ 6-1 ಆಯಿತು, ಅದು ಬೇರೆ ಮಾತು. ಎರಡನೇ ಅವಧಿಯಲ್ಲಿ 43ರ ಫೋರ್ಮಿಗಾ ಬದಲಿ ಆಟಗಾರ್ತಿಯಾಗಿ ಇಳಿದಾಗ ಇಡೀ ಸ್ಟೇಡಿಯಂ ಎದ್ದು ನಿಂತಿತು. 200ಕ್ಕೂ ಹೆಚ್ಚು ಅಂತರರಾಷ್ಟ್ರೀಯ ಪಂದ್ಯ ಆಡಿದ ಮಿಡ್‌ಫೀಲ್ಡರ್ ಒಂದು ಕಡೆ. ಇನ್ನೊಂದು ಕಡೆ ವರ್ಷಕ್ಕೆ ಬೆರಳೆಣಿಕೆಯ ಲೀಗ್ ಪಂದ್ಯ ಆಡಿ ಬಂದ ನಮ್ಮವರು. ಐದು ಗೋಲಿನ ಅಂತರ ಎಲ್ಲಿಂದ ಬಂತು ಅಂತ ಹುಡುಕಲು ಸಮಿತಿ ರಚಿಸೋದು ಬೇಡ.

ಮನೀಷಾ ಮುಂದಿನ ವರ್ಷ ಸೈಪ್ರಸ್‌ನ ಅಪೊಲೊನ್ ಕ್ಲಬ್ ಸೇರಿ ಯುರೋಪಿನ ಚಾಂಪಿಯನ್ಸ್ ಲೀಗ್ ಆಡಿದ ಮೊದಲ ಭಾರತೀಯ ಆಟಗಾರ್ತಿಯಾದರು. ಫೋರ್ಮಿಗಾ ಹಿಡಿದ ದಾರಿಯೇ ಅದು. ಮನೆಯಲ್ಲಿ ಪಂದ್ಯ ಸಾಲದಿದ್ದರೆ ಹೊರಗೆ ಹೋಗು. ಎಷ್ಟು ಜನ ಹೋಗೋಕೆ ಆಗುತ್ತೆ? ಬ್ರೆಜಿಲ್ ಕೂಡ ಕೊನೆಗೆ ಮನೆ ಸರಿಮಾಡಿಕೊಳ್ಳಬೇಕಾಯಿತು. 2019ರಿಂದ ಅಲ್ಲಿನ ಮೊದಲ ದರ್ಜೆಯ ಗಂಡಸರ ಕ್ಲಬ್‌ಗಳೆಲ್ಲ ಹೆಣ್ಣುಮಕ್ಕಳ ತಂಡ ಇಡಲೇಬೇಕು ಅನ್ನೋ ನಿಯಮ ಬಂತು. 2020ರಲ್ಲಿ ರಾಷ್ಟ್ರೀಯ ತಂಡದ ಗಂಡಸರಿಗೂ ಹೆಂಗಸರಿಗೂ ಒಂದೇ ದಿನಭತ್ಯೆ, ಒಂದೇ ಬಹುಮಾನ ಅಂತ ಘೋಷಣೆ ಆಯಿತು. 2027ರ ವಿಶ್ವಕಪ್ ನಡೆಸುವ ಅವಕಾಶವೂ ಅವರಿಗೇ ಸಿಕ್ಕಿದೆ. ನಿಷೇಧ ಹೇರಿದ್ದ ದೇಶ ಇಷ್ಟು ಮಾಡಬಲ್ಲದು. ನಾವು ಯಾವತ್ತೂ ನಿಷೇಧ ಹೇರಲಿಲ್ಲ. 1980ರಲ್ಲಿ ನಮ್ಮ ಕಲ್ಲಿಕೋಟೆಯಲ್ಲೇ ಏಷ್ಯನ್ ಚಾಂಪಿಯನ್‌ಷಿಪ್ ನಡೆಸಿ ಎರಡನೇ ಸ್ಥಾನ ಪಡೆದವರು ನಾವು. ಮುಂದಿದ್ದವರು ಹಿಂದೆ ಬಿದ್ದದ್ದು.

"ನೋಡೋಕೆ ಜನ ಬರಲ್ಲ, ದುಡ್ಡು ಎಲ್ಲಿಂದ ತರೋದು" ಅನ್ನೋದು ನಿಮ್ಮ ಉತ್ತರ ಅಂತ ಗೊತ್ತು. ಜನ ಬರಬೇಕಾದರೆ ಪಂದ್ಯ ಯಾವಾಗ ಅಂತ ಗೊತ್ತಾಗಬೇಕಲ್ಲ. ಕೆಲಸದ ದಿನ ಮಧ್ಯಾಹ್ನ ಮೂರೂವರೆಗೆ ಪಂದ್ಯ ಇಟ್ಟರೆ ಯಾರು ರಜೆ ಹಾಕಿ ಬರ್ತಾರೆ? ಶಾಲೆ ಮಕ್ಕಳೂ ಆ ಹೊತ್ತಿಗೆ ಬಿಟ್ಟಿರಲ್ಲ. ಬೆಂಗಳೂರಿನಲ್ಲಿ ಫುಟ್‌ಬಾಲ್ ಹುಚ್ಚಿಗೆ ಕೊರತೆ ಇಲ್ಲ ಸ್ವಾಮಿ. ಹಲಸೂರು ಪಕ್ಕದ ಗೌತಮಪುರಕ್ಕೆ ಬನ್ನಿ, ಅಲ್ಲಿ ಬೀದಿಯಲ್ಲೇ ಪೆಲೆ ಪ್ರತಿಮೆ ಇದೆ. ವಿಶ್ವಕಪ್ ಬಂದರೆ ಗೋಡೆಗೆಲ್ಲ ಹಳದಿ ಬಣ್ಣ. ಆಸ್ಟಿನ್ ಟೌನ್ ಮೈದಾನದಲ್ಲಿ ಬೆಳಗ್ಗೆ ಹೊತ್ತು ಹೋಗಿ ನಿಂತು ನೋಡಿ. ಕಿಕ್‌ಸ್ಟಾರ್ಟ್ ತಂಡ 2023ರಲ್ಲಿ ಅಹಮದಾಬಾದ್‌ನಲ್ಲಿ ಲೀಗ್ ಫೈನಲ್ ಆಡಿತು, ಗೋಕುಲಂಗೆ ಸೋತಿತು. ನಮ್ಮೂರ ತಂಡ ರಾಷ್ಟ್ರೀಯ ಫೈನಲ್ ಮುಟ್ಟಿದ್ದು ಊರಿನ ಎಷ್ಟು ಜನಕ್ಕೆ ಗೊತ್ತಾಯಿತು? ನನ್ನ ಆಫೀಸಿನಲ್ಲಿ ಮೆಸ್ಸಿ, ರೊನಾಲ್ಡೊ ಅಂತ ಜಗಳ ಆಡುವವರಿಗೆ ಹೇಳಿದರೆ "ಹೌದಾ, ಹುಡುಗಿಯರದ್ದೂ ಲೀಗ್ ಇದೆಯಾ" ಅಂತ ಕೇಳಿದರು. ತಪ್ಪು ಅವರದ್ದು ಅಂತ ನನಗನ್ನಿಸಲ್ಲ.

ಮಾಡಬೇಕಾದದ್ದು ದೊಡ್ಡ ಕ್ರಾಂತಿ ಏನಲ್ಲ. ಲೀಗ್ ಕನಿಷ್ಠ ಏಳು ತಿಂಗಳು ನಡೆಯಲಿ. ತಂಡಗಳು ಜಾಸ್ತಿ ಆಗುವವರೆಗೆ ಇರುವ ಎಂಟೇ ತಂಡ ಒಬ್ಬರ ವಿರುದ್ಧ ಒಬ್ಬರು ಮೂರು ಸಲ ಆಡಲಿ, ತಂಡಕ್ಕೆ 21 ಪಂದ್ಯ ಆಗುತ್ತದೆ. ಜೊತೆಗೆ ಒಂದು ಕಪ್ ಟೂರ್ನಿ. ಫಿಫಾ ಕೊಡುವ ಅಂತರರಾಷ್ಟ್ರೀಯ ಪಂದ್ಯದ ದಿನಗಳಲ್ಲಿ ಒಂದನ್ನೂ ಖಾಲಿ ಬಿಡಬೇಡಿ. ನಮಗಿಂತ ಬಲದ ತಂಡ ಸಿಗದಿದ್ದರೆ ನೇಪಾಳವನ್ನೋ ಬಾಂಗ್ಲಾದೇಶವನ್ನೋ ಕರೆಯಿರಿ. ಈಗ ಅವರೇನೂ ಸುಲಭದ ತುತ್ತಲ್ಲ.

ಮೊಣಕಾಲಿನ ವಿಷಯ ಬೇರೆಯಾಗಿಯೇ ಹೇಳಬೇಕು. ಎಸಿಎಲ್ ಅನ್ನುವ ಅಸ್ಥಿರಜ್ಜು ಹರಿಯುವುದು ಗಂಡಸರಿಗಿಂತ ಹೆಣ್ಣುಮಕ್ಕಳಲ್ಲಿ ಹೆಚ್ಚು. ಆಪರೇಷನ್ ಆದ ಮೇಲೆ ಮತ್ತೆ ಮೈದಾನಕ್ಕೆ ಇಳಿಯಲು ಒಂಬತ್ತು ತಿಂಗಳಾದರೂ ಬೇಕು. ನಾಲ್ಕು ತಿಂಗಳ ಲೀಗ್‌ಗೆ ನಾಲ್ಕು ತಿಂಗಳ ಒಪ್ಪಂದ ಇದ್ದವಳಿಗೆ ಎರಡನೇ ತಿಂಗಳಲ್ಲಿ ಮೊಣಕಾಲು ಹೋದರೆ ಮುಂದೇನು? ಫಿಸಿಯೊ ದುಡ್ಡು ಯಾರು ಕೊಡುತ್ತಾರೆ? ಸರ್ಕಾರಿ ಕೆಲಸ ಇದ್ದವಳು ಹೇಗೋ ತಡೆದುಕೊಳ್ಳುತ್ತಾಳೆ. ಇಲ್ಲದವಳು ಊರಿಗೆ ಹೋಗುತ್ತಾಳೆ, ವಾಪಸ್ ಬರುವುದಿಲ್ಲ. ಆದ್ದರಿಂದ ಒಪ್ಪಂದ ಪೂರ್ತಿ 12 ತಿಂಗಳಿನದ್ದಾಗಿರಲಿ. ಗಾಯವಾದರೆ ಗುಣವಾಗುವವರೆಗೆ ಸಂಬಳ, ಚಿಕಿತ್ಸೆ ಎರಡೂ ಅದರಲ್ಲೇ ಬರಲಿ. ಕ್ಲಬ್‌ಗೆ ಲೈಸೆನ್ಸ್ ಕೊಡುವಾಗಲೇ ಈ ಷರತ್ತು ಹಾಕಿ.

ಗಂಡಸರ ದೊಡ್ಡ ಕ್ಲಬ್‌ಗಳಿಗೂ ಬ್ರೆಜಿಲ್‌ನಂತೆ ನಿಯಮ ಮಾಡಿ. ಗಂಡಸರ ಮೊದಲ ದರ್ಜೆಯ ಲೀಗ್‌ನಲ್ಲಿ ಆಡಬೇಕಾದರೆ ಮಹಿಳಾ ತಂಡ ಇರಲೇಬೇಕು, ಅದು ಹೆಸರಿಗೆ ಮಾತ್ರ ಇರಬಾರದು. ರಾಜ್ಯ ಸಂಸ್ಥೆಗಳಿಗೂ ಇದೇ ಮಾತು. ನಮ್ಮ ಕರ್ನಾಟಕದಲ್ಲಿ ಮಹಿಳಾ ಲೀಗ್ ಬೆಂಗಳೂರಿಗೇ ಅಂಟಿಕೊಂಡಿದೆ. ಬೆಳಗಾವಿಯಲ್ಲಿ ಫುಟ್‌ಬಾಲ್ ಆಡುತ್ತಾರೆ, ಮಂಗಳೂರಿನಲ್ಲಿ ಆಡುತ್ತಾರೆ. ಅಲ್ಲಿನ ಹುಡುಗಿ ವಾರಾಂತ್ಯಕ್ಕೆ ಆಡಲು ಬೆಂಗಳೂರಿಗೆ ರಾತ್ರಿ ಬಸ್ ಹತ್ತಬೇಕು ಅನ್ನೋದು ಯಾವ ನ್ಯಾಯ?

ಮೊದಲ ಕೆಲಸ ಮಾತ್ರ ಇವತ್ತೇ ಮಾಡಬಹುದು, ಅದಕ್ಕೆ ಪ್ರಾಯೋಜಕರು ಬೇಕಿಲ್ಲ. ಮುಂದಿನ ಲೀಗ್‌ನ ವೇಳಾಪಟ್ಟಿಯನ್ನು ಶುರುವಾಗುವ ಮೂರು ತಿಂಗಳ ಮೊದಲೇ ಪ್ರಕಟಿಸಿ. ತಾರೀಖು, ಊರು, ಮೈದಾನ, ಹೊತ್ತು ಎಲ್ಲ ಇರಲಿ. ಅರ್ಧದಷ್ಟಾದರೂ ಪಂದ್ಯ ಶನಿವಾರ ಭಾನುವಾರ ಸಂಜೆ ಇಡಿ. ಒಮ್ಮೆ ಪ್ರಕಟಿಸಿದ ಮೇಲೆ ಬದಲಾಯಿಸಬೇಡಿ. ಬೆಂಗಳೂರಿನ ಪಂದ್ಯಗಳಿಗೆ ಜನ ಕರೆತರುವ ಜವಾಬ್ದಾರಿ ನಾನು ಮತ್ತು ನನ್ನ ಗೆಳೆಯರು ತಗೊಳ್ತೀವಿ. ಮೊದಲು ಮೆಸ್ಸಿ, ರೊನಾಲ್ಡೊ ಜಗಳದವರನ್ನೇ ಎಳೆದು ತರ್ತೀವಿ.

ಇಂತಿ,
ಬೆಂಗಳೂರಿನ ಒಬ್ಬ ಫುಟ್‌ಬಾಲ್ ಅಭಿಮಾನಿ